ಕರ್ಟ್ ಟ್ಯಾಂಕ್: ಫೋಕೆ-ವುಲ್ಫ್‌ನಿಂದ ನಮ್ಮ ಮಾರುತ್‌ವರೆಗೆ

ಪ್ಲಾಸ್ಟಿಕ್ ವಿಮಾನದ ಮಾಡೆಲ್ ಕಟ್ಟೋರಿಗೆಲ್ಲ ಫೋಕೆ-ವುಲ್ಫ್ 190 ಗೊತ್ತು. ಎರಡನೇ ಮಹಾಯುದ್ಧದ ಈ ಜರ್ಮನ್ ಫೈಟರ್‌ನ ಕಾಕ್‌ಪಿಟ್‌ಗೆ ಅಂತಲೇ ಎಷ್ಟೊಂದು ಥರದ ಇನ್‌ಸ್ಟ್ರುಮೆಂಟ್ ಪ್ಯಾನಲ್‌ಗಳು ಬೇರೆಯಾಗಿ ಮಾರಾಟಕ್ಕಿವೆ. ಆದರೆ ಅದನ್ನು ಡಿಸೈನ್ ಮಾಡಿದ ಇಂಜಿನಿಯರ್ ಬೆಂಗಳೂರಲ್ಲಿ ಎಚ್‌ಎಎಲ್‌ಗಾಗಿ ವರ್ಷಗಟ್ಟಲೆ ಕೆಲಸ ಮಾಡಿದರು ಅನ್ನೋದು ನಮ್ಮ ಕ್ಯಾಂಪಸ್‌ನಲ್ಲಿ ಎಷ್ಟು ಜನಕ್ಕೆ ಗೊತ್ತಿದೆ? ಈ ಸಲ ಅವರ ಕಥೆ ಹೇಳ್ತೀವಿ. ಹೆಸರು ಕರ್ಟ್ ಟ್ಯಾಂಕ್.

ಟ್ಯಾಂಕ್ ಹುಟ್ಟಿದ್ದು 1898ರ ಫೆಬ್ರವರಿ 24ರಂದು, ಆಗ ಜರ್ಮನಿಯಲ್ಲಿದ್ದ ಬ್ರೋಂಬರ್ಗ್ ಊರಲ್ಲಿ. ಈಗ ಅದು ಪೋಲೆಂಡ್‌ಗೆ ಸೇರಿದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದರು. ಯುದ್ಧ ಮುಗಿದ ಮೇಲೆ ಬರ್ಲಿನ್ನಿನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದರು. ಹೌದು, ಇಇ ಬ್ರಾಂಚಿನವರೇ, ಏರೋ ಅಲ್ಲ! ಕಾಲೇಜಿನಲ್ಲಿದ್ದಾಗಲೇ ಗೆಳೆಯರ ಜೊತೆ ಗ್ಲೈಡರ್ ಕಟ್ಟೋ ವಿದ್ಯಾರ್ಥಿಗಳ ಸಂಘ ಶುರು ಮಾಡಿದರು. ಮುಂದೆ ಒಂದೆರಡು ಕಂಪನಿ ಬದಲಾಯಿಸಿ, 1931ರ ಹೊತ್ತಿಗೆ ಬ್ರೆಮೆನ್ನಿನ ಫೋಕೆ-ವುಲ್ಫ್ ಸೇರಿದರು. ವಿಮಾನದ ಚಿತ್ರ ಬರೆದು ಕೂತವರಲ್ಲ ಅವರು. ತಮ್ಮ ವಿಮಾನಗಳನ್ನು ತಾವೇ ಹಾರಿಸಿ ನೋಡ್ತಿದ್ದರು. ಅವರ ಎಫ್‌ಡಬ್ಲ್ಯೂ 200 ಕಾಂಡೋರ್ 1938ರ ಆಗಸ್ಟಿನಲ್ಲಿ ಬರ್ಲಿನ್ನಿನಿಂದ ನ್ಯೂಯಾರ್ಕಿಗೆ ಎಲ್ಲೂ ಇಳಿಯದೆ ಸುಮಾರು 25 ಗಂಟೆಯಲ್ಲಿ ಹಾರಿತು.

1939ರ ಜೂನ್ 1ರಂದು ಎಫ್‌ಡಬ್ಲ್ಯೂ 190 ಮೊದಲ ಸಲ ಹಾರಿತು. ಟ್ಯಾಂಕ್‌ಗೆ ಬೇಕಾಗಿದ್ದದ್ದು ನಾಜೂಕಾದ ರೇಸ್ ಕುದುರೆ ಅಲ್ಲ, ಕೆಸರಲ್ಲೂ ಓಡುವ, ಸಾಧಾರಣ ಪೈಲಟ್ ಕೈಲೂ ನಡೆಯುವ ಗಟ್ಟಿ ಕುದುರೆ. ಅದಕ್ಕೇ ಅಗಲವಾದ ಲ್ಯಾಂಡಿಂಗ್ ಗೇರ್ ಇಟ್ಟರು. ಚಕ್ರ, ಫ್ಲ್ಯಾಪ್ ಎರಡಕ್ಕೂ ಹೈಡ್ರಾಲಿಕ್ಸ್ ಬದಲು ಕರೆಂಟ್ ಮೋಟಾರ್, ಪೈಲಟ್‌ಗೆ ಬರೀ ಬಟನ್. ಬಿಎಂಡಬ್ಲ್ಯೂ 801 ಇಂಜಿನ್‌ಗೆ ಒಂದು ಕಂಟ್ರೋಲ್ ಯೂನಿಟ್ ಇತ್ತು. ಒಂದೇ ಲಿವರ್ ತಳ್ಳಿದರೆ ಮಿಕ್ಸ್‌ಚರ್, ಪ್ರೊಪೆಲ್ಲರ್ ಪಿಚ್, ಬೂಸ್ಟ್, ಇಗ್ನಿಷನ್ ಟೈಮಿಂಗ್ ಎಲ್ಲಾ ತಾನಾಗಿ ಹೊಂದ್ಕೊಳ್ತಿತ್ತು. ಒಂದು ಚಿಪ್ಪೂ ಇಲ್ಲದ ಕಾಲದಲ್ಲಿ!

ಈ ಯೋಚನೆ ಕಾಕ್‌ಪಿಟ್‌ನಲ್ಲೂ ಕಾಣುತ್ತೆ. ಮುಂದಿನ ಪ್ಯಾನಲ್ ಮೇಲೆ-ಕೆಳಗೆ ಎರಡು ಭಾಗ, ಅಕ್ಕಪಕ್ಕದಲ್ಲಿ ಅಚ್ಚುಕಟ್ಟಾದ ಕನ್ಸೋಲ್. ಮಾಡೆಲ್ ಕಟ್ಟುವವರು ಈ ಪ್ಯಾನಲ್‌ಗೇ ಯಾಕೆ ದುಡ್ಡು ಸುರೀತಾರೆ ಅನ್ನೋದು ಇಲ್ಲಿ ಅರ್ಥ ಆಗುತ್ತೆ.

ನಾವು ಅಜ್ಜಂಪುರ ತಾಲ್ಲೂಕಿನ ಶಿವನಿಯವರು, ಬೀರೂರು–ಚಿಕ್ಕಜಾಜೂರು ರೈಲು ದಾರಿಯ ಊರು. ತೋಟಕ್ಕೆ ಬೇಕಾದ ಪೈಪು, ಪಂಪು ಸುತ್ತಮುತ್ತ ಸಿಗುತ್ತೆ, 1/48 ಸ್ಕೇಲಿನ ಡಯಲ್ ಎಲ್ಲಿ ಸಿಗುತ್ತೆ? ಎಲ್ಲಾ ಪಾರ್ಸಲ್‌ನಲ್ಲೇ ಬರಬೇಕು, ತಪ್ಪಾದ್ರೆ ವಾಪಸ್ ಕಳಿಸೋ ಖರ್ಚಿಗೇ ಇನ್ನೊಂದು ಬರುತ್ತೆ. ಹಾಗಾಗಿ ಲೆಕ್ಕ ಹಾಕಿಯೇ ಆರಿಸ್ತೀವಿ.

80 ಮಿಲಿಮೀಟರ್ ಅಗಲದ ಡಯಲ್ ಅಂತ ಇಟ್ಕೊಳ್ಳಿ. 1/48ರಲ್ಲಿ ಅದು ಸುಮಾರು 1.7 ಮಿಲಿಮೀಟರ್, 1/72ರಲ್ಲಿ 1.1. ಅಷ್ಟು ಚಿಕ್ಕದರಲ್ಲಿ ಮುಳ್ಳು, ಅಂಕಿ ಕೈಯಲ್ಲಿ ಬರೆಯೋದು ಆಗದ ಮಾತು. ದಾರಿಗಳು ನಾಲ್ಕು. ಡೆಕಾಲ್ ಅಗ್ಗ, ಆದರೆ ಚಪ್ಪಟೆ. ಬಣ್ಣ ಅಚ್ಚಾದ ಲೋಹದ ಫೋಟೋ-ಎಚ್ ಪ್ಯಾನಲ್ ಚೂಪಾಗಿ ಕಾಣುತ್ತೆ, ಆದರೆ ಹತ್ತಿರದಿಂದ ಪ್ರಿಂಟಿನ ಚುಕ್ಕಿ ಕಂಡುಬಿಡುತ್ತೆ. ರೆಸಿನ್‌ನಲ್ಲಿ ಆಳ ಚೆನ್ನಾಗಿ ಬರುತ್ತೆ, ಆದರೆ ಬಣ್ಣ ನೀವೇ ಹಚ್ಚಬೇಕು. ಕೂರಿಸೋಕೆ ಉಜ್ಜಬೇಕಾದರೆ ಮಾಸ್ಕ್ ಹಾಕ್ಕೊಳ್ಳಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ. ಉಬ್ಬು, ಬಣ್ಣ, ಗಾಜಿನ ಹೊಳಪು ಎಲ್ಲಾ ಒಟ್ಟಿಗೆ ಬರೋ 3ಡಿ ಪ್ರಿಂಟ್ ಡೆಕಾಲ್ ನೋಡೋಕೆ ಎಲ್ಲಕ್ಕಿಂತ ಚೆಂದ, ಬೆಲೆಯೂ ಹಾಗೇ. ಯಾವುದೇ ತಗೊಂಡರೂ ಎರಡು ವಿಷಯ ನೋಡಿ. ಪ್ಯಾಕೆಟ್ ಮೇಲೆ ನಿಮ್ಮ ಕಿಟ್ಟಿನ ಕಂಪನಿ ಹೆಸರು ಇದೆಯಾ, ವೇರಿಯಂಟ್ ಸರಿಯಿದೆಯಾ. ಎ-8ರ ಪ್ಯಾನಲ್ ಡಿ-9ಗೆ ಹಾಗೇ ಹೊಂದಲ್ಲ. ಕ್ಯಾನೋಪಿ ಮುಚ್ಚಿಯೇ ಇಡ್ತೀರಿ ಅಂದ್ರೆ ಡೆಕಾಲ್ ಸಾಕು.

ಈಗ ಟ್ಯಾಂಕ್ ಕಥೆಗೆ ಬರೋಣ. ಇದರಲ್ಲಿ ಮುಚ್ಚಿಡಬಾರದ ಪುಟವೂ ಇದೆ. ಈ ವಿಮಾನ ಹಾರಿದ್ದು ನಾಜಿ ಆಡಳಿತದ ಪರವಾಗಿ, ಫೋಕೆ-ವುಲ್ಫ್ ಕಾರ್ಖಾನೆಗಳಲ್ಲಿ ಬಲವಂತದಿಂದ ತಂದ ಕೂಲಿಗಳನ್ನೂ ದುಡಿಸಿಕೊಂಡರು. ಮಾಡೆಲ್ ಕಟ್ಟೋಣ, ಡಿಸೈನ್ ಮೆಚ್ಚೋಣ, ಆದರೆ ಇದನ್ನು ಮರೆತು ಅಲ್ಲ.

ಜರ್ಮನಿ ಸೋತ ಮೇಲೆ ಟ್ಯಾಂಕ್ ಸುಳ್ಳು ಹೆಸರಿನ ಪಾಸ್‌ಪೋರ್ಟ್ ಇಟ್ಕೊಂಡು ಅರ್ಜೆಂಟೀನಾಕ್ಕೆ ಹೋದರು. ಕೋರ್ಡೋಬಾದಲ್ಲಿ ಪುಲ್ಕಿ 2 ಅನ್ನೋ ಜೆಟ್ ಫೈಟರ್ ಕಟ್ಟಿದರು. ಪ್ರೋಟೋಟೈಪ್‌ಗಳು ಬಿದ್ದು ಪೈಲಟ್‌ಗಳು ಸತ್ತರು, 1955ರಲ್ಲಿ ಪೆರೋನ್ ಸರ್ಕಾರವೂ ಬಿತ್ತು. ಅಲ್ಲಿಂದ ಅವರನ್ನು ಕರೆಸಿಕೊಂಡದ್ದು ಭಾರತ.

1956ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ಎಚ್‌ಎಫ್-24ರ ಕೆಲಸ ಶುರುವಾಯ್ತು. ಅದೇ ಮಾರುತ್, ವಾಯುಪುತ್ರನ ಅಪ್ಪನ ಹೆಸರು. ಅಷ್ಟೊತ್ತಿಗೆ ಡಾ. ವಿ. ಎಂ. ಘಾಟಗೆ ಅವರ ತಂಡ ಎಚ್‌ಟಿ-2 ತರಬೇತಿ ವಿಮಾನ ಕಟ್ಟಿ ಹಾರಿಸಿಯಾಗಿತ್ತು. ಆದರೆ ಪ್ರೊಪೆಲ್ಲರ್ ವಿಮಾನದಿಂದ ಶಬ್ದದ ವೇಗ ಮೀರಬೇಕಾದ ಜೆಟ್ಟಿಗೆ ನೆಗೆಯೋದು ಅಂದ್ರೆ ತಮಾಷೆಯಲ್ಲ. ಟ್ಯಾಂಕ್ ಮತ್ತು ಅವರ ಜೊತೆ ಬಂದ ಜರ್ಮನ್ನರು ನಮ್ಮ ಇಂಜಿನಿಯರುಗಳ ಜೊತೆ ಸೇರಿ ಮೊದಲು ಪೂರ್ತಿ ಅಳತೆಯ ಮರದ ಗ್ಲೈಡರ್ ಮಾಡಿದರು. 1959ರಲ್ಲಿ ಅದನ್ನು ಡಕೋಟಾ ವಿಮಾನಕ್ಕೆ ಕಟ್ಟಿ ಮೇಲೆ ಎಳೆದುಕೊಂಡು ಹೋಗಿ ಬಿಟ್ಟು ಪರೀಕ್ಷಿಸಿದರು. ಒಂಥರ 1/1 ಸ್ಕೇಲ್ ಮಾಡೆಲ್ ಅನ್ನಬಹುದು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಬೆಂಗಳೂರಿನ ಮೇಲೆ ನಿಜವಾದ ಮಾರುತ್ ಹಾರಿಸಿದರು.

ವಿಮಾನದ ಮೈಕಟ್ಟು ಚೆನ್ನಾಗಿತ್ತು, ಇಂಜಿನ್ ಮಾತ್ರ ಸಿಗಲಿಲ್ಲ. ಅಂದ್ಕೊಂಡಿದ್ದ ಶಕ್ತಿಶಾಲಿ ಆರ್ಫಿಯಸ್ 12 ನಿಂತುಹೋಯ್ತು, ಕಡಿಮೆ ಬಲದ ಆರ್ಫಿಯಸ್ 703 ಹಾಕಬೇಕಾಯ್ತು. ಈಜಿಪ್ಟಿನ ಇ-300 ಇಂಜಿನ್ ಹಾಕಿಯೂ ನೋಡಿದರು, ಅದೂ ಫಲ ಕೊಡಲಿಲ್ಲ. ಮಾರುತ್ ನೇರ ಹಾರಾಟದಲ್ಲಿ ಶಬ್ದದ ವೇಗ ದಾಟಲೇ ಇಲ್ಲ. 1970ರ ಜನವರಿ 10ರಂದು, ಹೆಚ್ಚು ಬಲದ ಮಾರುತ್ ಪರೀಕ್ಷಿಸುವಾಗ ಬೆಂಗಳೂರಲ್ಲಿ ಬಿದ್ದು ಸುರಂಜನ್ ದಾಸ್ ತೀರಿಕೊಂಡರು. ಎಚ್‌ಎಎಲ್ ಹತ್ತಿರದ ಸುರಂಜನ್ ದಾಸ್ ರಸ್ತೆಯಲ್ಲಿ ಟ್ರಾಫಿಕ್‌ಗೆ ಸಿಕ್ಕಿ ಬೈಕೊಳ್ಳೋ ನಮಗೆ ಆ ಹೆಸರು ಯಾರದು ಅಂತ ಗೊತ್ತಿರಲ್ಲ. ಒಟ್ಟು 147 ಮಾರುತ್‌ಗಳು ತಯಾರಾದವು, 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಕೆಲಸ ಮಾಡಿದವು. ಇವತ್ತಿಗೂ ತೇಜಸ್ ಹಾರೋದು ಅಮೆರಿಕದ ಇಂಜಿನ್‌ನಿಂದಲೇ. ಅಂದಮೇಲೆ ಈ ಪಾಠ ಹಳೇದಾಗಿಲ್ಲ.

ಟ್ಯಾಂಕ್ ಕಡೆಗೆ ಜರ್ಮನಿಗೆ ಮರಳಿ, 1983ರ ಜೂನ್ 5ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು.

ಅವರ ಎಫ್‌ಡಬ್ಲ್ಯೂ 190ಗೆ ಪ್ಯಾನಲ್ ಆರಿಸೋದೇ ತಲೆನೋವು, ಅಷ್ಟು ಸಿಗುತ್ತೆ. ಅದೇ ಕೈ ಬೆಂಗಳೂರಲ್ಲಿ ಮಾಡಿದ ಮಾರುತ್‌ಗೆ ನಾವು ಹುಡುಕಿದ ಕಡೆಯೆಲ್ಲ ಒಂದೂ ಸಿಗಲಿಲ್ಲ. ಮಾರುವವರನ್ನು ಬೈದು ಏನು ಪ್ರಯೋಜನ? ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಮಾರುತ್ ನಿಂತಿದೆ, ಎಚ್‌ಎಎಲ್ ಮ್ಯೂಸಿಯಂನಲ್ಲೂ ಇದೆ. ನಮಗೆ ಕ್ಯಾಡ್ ಬರುತ್ತೆ, ಕಾಲೇಜಿನಲ್ಲಿ 3ಡಿ ಪ್ರಿಂಟರ್ ಇದೆ. ಕಾಕ್‌ಪಿಟ್ ಅಳತೆ, ಫೋಟೋ ತೆಗೆಯೋಕೆ ಅನುಮತಿ ಕೇಳಿ ಮ್ಯೂಸಿಯಂಗೆ ಪತ್ರ ಬರೀತಿದ್ದೀವಿ. ಸಿಕ್ಕರೆ 1/48 ಮಾರುತ್ ಪ್ಯಾನಲ್ ನಾವೇ ಮಾಡಿ, ಫೈಲನ್ನು ಎಲ್ಲರಿಗೂ ಪುಕ್ಕಟೆ ಕೊಡ್ತೀವಿ. ಅಳತೆ ಹಿಡಿಯೋಕೆ, ಡಯಲ್ ಬಿಡಿಸೋಕೆ ಜನ ಬೇಕು. ಯಾವ ಬ್ರಾಂಚ್ ಆದರೂ ಪರವಾಗಿಲ್ಲ, ಬನ್ನಿ.