ಇಂದಿನ ಧಮ್ಮ ಚಿಂತನೆ: ಲಾಳಿ ಮುಟ್ಟುವ ಹಕ್ಕು

ಬಾಬಾಸಾಹೇಬರ ಜೀವನವನ್ನು ನಾವು ಮಹಾಡದ ಕೆರೆ, ಪುಣೆ ಒಪ್ಪಂದ, ಸಂವಿಧಾನ, ನಾಗಪುರದ ದೀಕ್ಷೆ ಎಂದು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ದುಡಿಯುವವರ ಬಾಬಾಸಾಹೇಬರು ಇವುಗಳ ನಡುವೆ ಎಲ್ಲೋ ಜಾರಿಹೋಗುತ್ತಾರೆ. ಗುಳೇದಗುಡ್ಡದಂತಹ ಊರಿನಲ್ಲಿ ಹೀಗಾಗಬಾರದು. ಖಣ ನೇಯುವ ಊರು ನಮ್ಮದು. ಬೆಳಗಾದರೆ ಮಗ್ಗದ ಸದ್ದು, ರಾತ್ರಿ ಮಲಗಿದರೂ ಮಗ್ಗದ ಸದ್ದು. ನಮ್ಮ ಅವ್ವ ಮೂವತ್ತು ವರ್ಷ ಕಂಡಿಕೆ ಸುತ್ತಿದಳು. ನಮ್ಮ ಮನೆತನದಲ್ಲಿ ಲಾಳಿ ಹಿಡಿದ ಮೊದಲಿಗರು ನಮ್ಮಪ್ಪ. ಹಾಗಾಗಿ ಇಂದು ಬಾಬಾಸಾಹೇಬರ ಬದುಕನ್ನು ಕೆಲಸ, ಕೂಲಿ, ತಾಸು ಇವುಗಳ ಕಡೆಯಿಂದ ಹೇಳುತ್ತೇನೆ.

ಅವರು ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಹೂ ದಂಡುಪ್ರದೇಶದಲ್ಲಿ. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರು. ಊರಿನಲ್ಲಿ ಮುಟ್ಟಿಸಿಕೊಳ್ಳದ ಜನಕ್ಕೆ ಸೈನ್ಯದ ನೌಕರಿ ಒಂದು ಬಾಗಿಲಾಗಿತ್ತು. ಅಲ್ಲಿ ಪಗಾರವಿತ್ತು, ಮಕ್ಕಳಿಗೆ ಶಾಲೆಯಿತ್ತು, ಮುಪ್ಪಿಗೆ ಪಿಂಚಣಿಯಿತ್ತು. 1890ರ ದಶಕದ ಆರಂಭದಲ್ಲಿ ಬ್ರಿಟಿಷ್ ಸರ್ಕಾರ ಮಹಾರರ ಭರ್ತಿಯನ್ನೇ ನಿಲ್ಲಿಸಿತು. ಒಂದು ಸರ್ಕಾರಿ ಆದೇಶ ಒಂದಿಡೀ ಜನಾಂಗದ ಅನ್ನದ ದಾರಿಯನ್ನು ಹೇಗೆ ಮುಚ್ಚುತ್ತದೆ ಎಂಬುದನ್ನು ಅವರು ಮನೆಯೊಳಗೇ ನೋಡುತ್ತಾ ಬೆಳೆದರು. ಮುಂದೆ 1941ರಲ್ಲಿ ಮಹಾರ್ ರೆಜಿಮೆಂಟ್ ಕಟ್ಟಲಾಯಿತು. ಅದರ ಮೊದಲ ಪಡೆ ಎದ್ದದ್ದು ನಮ್ಮ ಬೆಳಗಾವಿಯಲ್ಲಿ. ಆ ಬಾಗಿಲನ್ನು ಮತ್ತೆ ತೆರೆಸಲು ಒತ್ತಾಯಿಸಿದವರಲ್ಲಿ ಬಾಬಾಸಾಹೇಬರು ಮುಖ್ಯರು.

ಬರೋಡೆಯ ಕಥೆ ನಿಮಗೆಲ್ಲ ಗೊತ್ತು. ಆದರೂ ಅದನ್ನು ಕೆಲಸದ ಜಾಗದ ಕಥೆಯಾಗಿ ಒಮ್ಮೆ ನೆನೆಯಿರಿ. 1917. ಅಮೆರಿಕ, ಲಂಡನ್‌ಗಳಲ್ಲಿ ಓದಿ ಬಂದ ಮನುಷ್ಯ ಮಹಾರಾಜರ ಕಚೇರಿಯಲ್ಲಿ ದೊಡ್ಡ ಹುದ್ದೆಗೆ ಸೇರುತ್ತಾರೆ. ಜವಾನರು ಕಡತಗಳನ್ನು ದೂರದಿಂದ ಮೇಜಿನ ಮೇಲೆ ಎಸೆಯುತ್ತಾರೆ. ಕಚೇರಿಯಲ್ಲಿ ಕುಡಿಯಲು ನೀರಿಲ್ಲ. ಊರಿನಲ್ಲಿ ಮನೆ ಸಿಗದೆ ಪಾರ್ಸಿಗಳ ವಸತಿಗೃಹದಲ್ಲಿ ಹೆಸರು ಮರೆಸಿ ಉಳಿದರೆ, ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಹೊರಹಾಕುತ್ತಾರೆ. ನೇಮಕದ ಪತ್ರ ಕೈಯಲ್ಲಿದ್ದರೂ ಕೆಲಸ ಮಾಡಲು ಆಗಲಿಲ್ಲ. ನೌಕರಿ ಸಿಗುವುದು ಒಂದು, ಆ ನೌಕರಿಯಲ್ಲಿ ಮನುಷ್ಯನಾಗಿ ಕೂರುವುದು ಇನ್ನೊಂದು. ಮೀಸಲಾತಿಯಲ್ಲಿ ನೌಕರಿಗೆ ಹೋದ ನಮ್ಮ ಮಕ್ಕಳಿಗೆ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಮುಂಬೈಯಲ್ಲಿ ಅವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪರೇಲಿನ ಚಾಳಿನಲ್ಲಿ ಇದ್ದರು. ಸುತ್ತಲೂ ಬಟ್ಟೆ ಗಿರಣಿಗಳು. ಬ್ಯಾರಿಸ್ಟರ್ ಆದ ಮೇಲೂ ಅಲ್ಲೇ. ಗಿರಣಿಯ ಭೋಂಗಾ ಯಾವಾಗ ಕೂಗುತ್ತದೆ, ಯಾರ ಪಗಾರ ಎಷ್ಟು, ಯಾವ ಹೆಂಗಸು ಬಾಣಂತಿತನದ ಎಷ್ಟನೇ ದಿನಕ್ಕೆ ಕೆಲಸಕ್ಕೆ ಹೋದಳು, ಇದೆಲ್ಲ ಚಾಳಿನಲ್ಲಿ ಗೋಡೆಯಾಚೆಯಿಂದಲೇ ಕೇಳುತ್ತದೆ. ಅವರ ಕಾರ್ಮಿಕ ನೀತಿಗೆ ಪುಸ್ತಕಗಳಷ್ಟೇ ಈ ಚಾಳೂ ಕಾರಣ ಎಂದು ನನ್ನ ನಂಬಿಕೆ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ.

1928ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮುಂಬೈ ಗಿರಣಿಗಳಲ್ಲಿ ದೊಡ್ಡ ಮುಷ್ಕರ ನಡೆಯಿತು. ಮುಂದಾಳುಗಳು ಕಮ್ಯುನಿಸ್ಟರು. ಗಿರಣಿಯಲ್ಲಿ ಹೆಚ್ಚು ಪಗಾರ ಇದ್ದದ್ದು ನೇಯ್ಗೆ ಖಾತೆಯಲ್ಲಿ. ನಮ್ಮ ಜನಕ್ಕೆ ಆ ಖಾತೆಯೊಳಗೆ ಪ್ರವೇಶವಿರಲಿಲ್ಲ. ನೂಲುವ ಖಾತೆಯಲ್ಲಿ ಕಡಿಮೆ ಪಗಾರಕ್ಕೆ ದುಡಿಯಬೇಕು. ಕಾರಣ ಏನು ಗೊತ್ತೇ? ಎಂಜಲು. ಲಾಳಿಯೊಳಗಿನ ಕಂಡಿಕೆ ಮುಗಿದಾಗ ಹೊಸದನ್ನು ಹಾಕಿ, ನೂಲಿನ ತುದಿಯನ್ನು ಲಾಳಿಯ ತೂತಿಗೆ ಬಾಯಿಟ್ಟು ಹೀರಿ ಎಳೆಯಬೇಕು. ಎಳೆ ಹರಿದರೆ ಉಗುಳು ಹಚ್ಚಿ ಹೊಸೆಯಬೇಕು. ಒಬ್ಬ ಬಾಯಿಟ್ಟ ಲಾಳಿಗೆ ಇನ್ನೊಬ್ಬ ಬಾಯಿಡಬೇಕು. ನೇಯ್ದವರಿಗೆ ಇದನ್ನು ವಿವರಿಸುವುದು ಬೇಡ. ನಮ್ಮವರು ಬಾಯಿಟ್ಟ ಲಾಳಿಗೆ ತಾವು ಬಾಯಿಡುವುದಿಲ್ಲ ಎಂದವರು ಮಾಲಕರಲ್ಲ. ಜೊತೆಗೆ ದುಡಿಯುವ ಸವರ್ಣ ಕಾರ್ಮಿಕರು.

ಬಾಬಾಸಾಹೇಬರು ಮುಷ್ಕರದ ಮುಂದಾಳುಗಳ ಬಳಿ ಹೋಗಿ, ಬೇಡಿಕೆ ಪಟ್ಟಿಯಲ್ಲಿ ಇದನ್ನೂ ಸೇರಿಸಬೇಕು, ನೇಯ್ಗೆ ಖಾತೆಯ ಬಾಗಿಲು ಎಲ್ಲರಿಗೂ ತೆರೆಯಬೇಕು, ಇಲ್ಲದಿದ್ದರೆ ತಮ್ಮ ಜನ ಮುಷ್ಕರದಲ್ಲಿ ಉಳಿಯುವುದಿಲ್ಲ ಎಂದು ಖಡಾಖಂಡಿತವಾಗಿ ತಿಳಿಸಿದರು. ಒಲ್ಲದ ಮನಸ್ಸಿನಿಂದ ಅವರು ಸೇರಿಸಿದರು. ಬೇಡಿಕೆ ಮಾಲಕರ ಮುಂದೆ ಹೋದಾಗ ಮಾಲಕರು, ಇದು ಅನ್ಯಾಯವೇ ಆಗಿದ್ದರೂ ಮಾಡಿದವರು ನಾವಲ್ಲ ಎಂದು ಕೈತೊಳೆದುಕೊಂಡರು. ಮಾಲಕರ ಮಾತು ಆ ಒಂದು ವಿಷಯದಲ್ಲಿ ಸುಳ್ಳಾಗಿರಲಿಲ್ಲ ಎನ್ನುವುದೇ ನೋವಿನ ಸಂಗತಿ.

ಕೆಲಸದ ಹಕ್ಕು ಎಂದರೆ ಮಾಲಕ ಮತ್ತು ಕಾರ್ಮಿಕನ ನಡುವಿನ ಲೆಕ್ಕ ಮಾತ್ರ ಎಂದು ಇಂದಿಗೂ ಎಷ್ಟೋ ಸಂಘದವರು ಮಾತಾಡುತ್ತಾರೆ. ಲಾಳಿ ಬೇರೆಯದನ್ನು ಹೇಳುತ್ತದೆ. ಹತ್ತು ವರ್ಷದ ನಂತರ, 1938ರ ಫೆಬ್ರವರಿಯಲ್ಲಿ, ಮನಮಾಡದಲ್ಲಿ ಸೇರಿದ್ದ ರೈಲ್ವೆಯ ದಲಿತ ಕಾರ್ಮಿಕರಿಗೆ ಅವರು ತಿಳಿಸಿದ್ದು ಇದನ್ನೇ. ದುಡಿಯುವವರಿಗೆ ಬಂಡವಾಳಶಾಹಿ ಒಂದು ಶತ್ರು, ಬ್ರಾಹ್ಮಣಶಾಹಿ ಇನ್ನೊಂದು. ಎರಡನೆಯದು ಒಂದು ಜಾತಿಯ ಜನರ ಹೆಸರಲ್ಲ, ಸಮಾನತೆ, ಸ್ವಾತಂತ್ರ್ಯ, ಬಂಧುತ್ವಗಳನ್ನು ನಿರಾಕರಿಸುವ ಮನೋಭಾವದ ಹೆಸರು ಎಂದೂ ಅವರು ಸ್ಪಷ್ಟಪಡಿಸಿದ್ದರು.

ಅದೇ 1928ರಲ್ಲಿ ಮುಂಬೈ ವಿಧಾನ ಪರಿಷತ್ತಿಗೆ ಹೆರಿಗೆ ಸೌಲಭ್ಯದ ಮಸೂದೆ ಬಂತು. ಬಾಬಾಸಾಹೇಬರು ಅದರ ಪರವಾಗಿ ನಿಂತರು. ಹೆರಿಗೆಗೆ ಮುಂಚೆ, ನಂತರ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ದೇಶದ ಹಿತ, ಅವಳ ದುಡಿಮೆಯಿಂದ ಲಾಭ ಪಡೆಯುವವನು ಅದರ ಖರ್ಚಿನಲ್ಲಿ ಪಾಲು ಹೊರಬೇಕು ಎಂಬುದು ಅವರ ವಾದ. 1929ರಲ್ಲಿ ಅದು ಕಾನೂನಾಯಿತು. ಐದು ಮಕ್ಕಳಲ್ಲಿ ನಾಲ್ವರನ್ನು ಮಣ್ಣಿಗೆ ಕೊಟ್ಟ ತಂದೆ ಅವರು. ಮಾತೆ ರಮಾಯಿ ಆ ದುಃಖದಲ್ಲೇ ಸವೆದು 1935ರ ಮೇ ತಿಂಗಳಲ್ಲಿ ತೀರಿಕೊಂಡರು. ಆ ಪರಿಷತ್ತಿನಲ್ಲಿ ಕೂತಿದ್ದ ಎಷ್ಟು ಜನಕ್ಕೆ ಈ ವಿಷಯ ಅಷ್ಟು ಹತ್ತಿರದ್ದಾಗಿತ್ತು?

ಆಗ ನಮ್ಮ ಗುಳೇದಗುಡ್ಡ ಬಿಜಾಪುರ ಜಿಲ್ಲೆಯಲ್ಲಿ, ಬಿಜಾಪುರ ಮುಂಬೈ ಪ್ರಾಂತದಲ್ಲಿ. ಅಂದರೆ ಬಾಬಾಸಾಹೇಬರು ಮಾತಾಡುತ್ತಿದ್ದ ಆ ಸಭೆ ನಮ್ಮ ಊರಿಗೂ ಕಾನೂನು ಮಾಡುವ ಸಭೆಯೇ. ಆದರೆ ಮನೆಯ ಪಡಸಾಲೆಯಲ್ಲಿ ಕಂಡಿಕೆ ಸುತ್ತುವವಳನ್ನು ಯಾವ ಕಾರ್ಖಾನೆ ಕಾನೂನೂ ಕಾರ್ಮಿಕಳೆಂದು ಎಣಿಸಲಿಲ್ಲ. ನನ್ನ ತಮ್ಮ ಹುಟ್ಟಿ ಹದಿನಾರನೇ ದಿನಕ್ಕೆ ಅವ್ವ ಮತ್ತೆ ರಾಟಿ ಮುಂದೆ ಕೂತಿದ್ದಳು ಎಂದು ನಮ್ಮಜ್ಜಿ ಹೇಳುತ್ತಿದ್ದಳು.

1936ರಲ್ಲಿ ಅವರು ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. ಹೆಸರಿನಲ್ಲಿ ಜಾತಿಯಿಲ್ಲ, ಕಾರ್ಮಿಕನಿದ್ದಾನೆ. 1938ರಲ್ಲಿ ಮುಂಬೈಯ ಕಾಂಗ್ರೆಸ್ ಸರ್ಕಾರ ಮುಷ್ಕರವನ್ನು ಕಟ್ಟಿಹಾಕುವ ಕೈಗಾರಿಕಾ ವಿವಾದ ಮಸೂದೆ ತಂದಾಗ ಸದನದಲ್ಲಿ ವಿರೋಧಿಸಿದ್ದಲ್ಲದೆ, ನವೆಂಬರ್ 7ರಂದು ಕಮ್ಯುನಿಸ್ಟರ ಜೊತೆ ಸೇರಿ ಒಂದು ದಿನದ ಮುಷ್ಕರ ನಡೆಸಿದರು. ಹತ್ತು ವರ್ಷದ ಹಿಂದೆ ಲಾಳಿಯ ವಿಷಯಕ್ಕೆ ಜಗಳವಾಡಿದ್ದ ಅದೇ ಜನರ ಜೊತೆ. ಕೆಲಸ ನಿಲ್ಲಿಸುವ ಹಕ್ಕಿಲ್ಲದ ದುಡಿಮೆ ಜೀತ ಎಂಬುದು ಅವರ ನಿಲುವು. ಜೀತವೆಂದರೇನು ಎಂದು ತಿಳಿದ ಜನರ ನಾಯಕ ಬೇರೆ ಹೇಗೆ ಯೋಚಿಸಿಯಾನು?

1942ರ ಜುಲೈನಲ್ಲಿ ಅವರು ವೈಸ್‌ರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾದರು. 1946ರವರೆಗೆ ಆ ಸ್ಥಾನ. ಈ ನಾಲ್ಕು ವರ್ಷದ ಬಗ್ಗೆ ನಮ್ಮ ಮೊಬೈಲ್‌ಗಳಿಗೆ ಬರುವ ಸಂದೇಶಗಳು ಹನ್ನೆರಡು ತಾಸನ್ನು ಒಂದೇ ದಿನದಲ್ಲಿ ಎಂಟು ತಾಸು ಮಾಡಿದರು ಎನ್ನುತ್ತವೆ. ದಾಖಲೆ ಇರುವುದು ಹೀಗೆ: 1934ರ ಕಾರ್ಖಾನೆ ಕಾಯ್ದೆಯಲ್ಲಿ ದಿನಕ್ಕೆ 10 ತಾಸು, ವಾರಕ್ಕೆ 54 ತಾಸು ಇತ್ತು. ಅವರು ತಂದ 1946ರ ತಿದ್ದುಪಡಿ ಅದನ್ನು ದಿನಕ್ಕೆ 9, ವಾರಕ್ಕೆ 48 ತಾಸಿಗೆ ಇಳಿಸಿತು. ವಾರಕ್ಕೆ 48 ಎಂದರೆ ಆರು ದಿನಕ್ಕೆ ಎಂಟೆಂಟು ತಾಸು. ಬಾಬಾಸಾಹೇಬರ ಕೆಲಸ ತಾನೇ ಸಾಕಷ್ಟು ದೊಡ್ಡದು, ಅದಕ್ಕೆ ಬಣ್ಣ ಹಚ್ಚುವುದು ಬೇಡ. ಪ್ರತಿಯೊಂದನ್ನೂ ಪರೀಕ್ಷಿಸಿ ಒಪ್ಪಿರಿ ಎಂದು ಕಾಲಾಮರಿಗೆ ತಿಳಿಸಿದ ತಥಾಗತರ ದಾರಿಯಲ್ಲಿ ಇರುವವರು ನಾವು.

ಹಾಗೆಯೇ ಮುಚ್ಚಿಡಬಾರದ ಒಂದು ಸಂಗತಿಯೂ ಇದೆ. ಕಲ್ಲಿದ್ದಲು ಗಣಿಯಲ್ಲಿ ಹೆಂಗಸರನ್ನು ನೆಲದಡಿ ಇಳಿಸಬಾರದೆಂಬ ನಿಷೇಧವನ್ನು ಯುದ್ಧಕಾಲದ ಕಲ್ಲಿದ್ದಲ ಕೊರತೆಯ ನೆಪದಲ್ಲಿ 1943ರಲ್ಲಿ ಸರ್ಕಾರ ಸಡಿಲಿಸಿತು. ಖಾತೆಯ ಸದಸ್ಯರಾಗಿ ಸದನದಲ್ಲಿ ಉತ್ತರ ಕೊಡಬೇಕಾದವರು ಬಾಬಾಸಾಹೇಬರು. ಇದು ತಾತ್ಕಾಲಿಕ, ಗಂಡಸರ ಸಮ ಕೂಲಿ ಹೆಂಗಸರಿಗೂ ಸಿಗುತ್ತದೆ ಎಂದು ಸಮರ್ಥಿಸಿಕೊಂಡರು. ಟೀಕೆ ಬಂತು, ಬರಬೇಕಾದದ್ದೇ. 1943ರ ಡಿಸೆಂಬರ್‌ನಲ್ಲಿ ಧನಬಾದಿಗೆ ಹೋಗಿ ತಾವೇ ಗಣಿಯೊಳಗೆ ಇಳಿದು ಕೆಲಸಗಾರರ ಸ್ಥಿತಿ ಕಂಡರು. 1944ರಲ್ಲಿ ಗಣಿ ಕಾರ್ಮಿಕರ ಕಲ್ಯಾಣ ನಿಧಿ ಬಂತು. ಗಣಿಯ ಹೆಂಗಸರ ಹೆರಿಗೆ ಕಾನೂನು ಬಿಗಿಯಾಯಿತು. 1946ರ ಫೆಬ್ರವರಿ 1ರಿಂದ ನಿಷೇಧ ಮತ್ತೆ ಜಾರಿಗೆ ಬಂತು.

ಉಳಿದವನ್ನು ಬೇಗ ಹೇಳುತ್ತೇನೆ. ಸರ್ಕಾರ, ಮಾಲಕರು, ಕಾರ್ಮಿಕರು ಮೂವರೂ ಒಂದೇ ಮೇಜಿಗೆ ಕೂರುವ ತ್ರಿಪಕ್ಷ ಸಭೆಗಳು ಅವರ ಕಾಲದಲ್ಲಿ ಗಟ್ಟಿಯಾದವು. ಉದ್ಯೋಗ ವಿನಿಮಯ ಕಚೇರಿಗಳು ಬಂದವು. 1943ರಲ್ಲಿ ಕೇಂದ್ರದ ನೌಕರಿಗಳಲ್ಲಿ ಪರಿಶಿಷ್ಟರಿಗೆ ಶೇಕಡಾ 8⅓ ಮೀಸಲಾಯಿತು. ಕೆಲಸದ ಷರತ್ತುಗಳನ್ನು ಮಾಲಕ ಬರೆದು ಎಲ್ಲರಿಗೂ ಕಾಣುವಂತೆ ಹಾಕಬೇಕೆಂಬ ಸ್ಥಾಯಿ ಆದೇಶಗಳ ಕಾಯ್ದೆ 1946ರದು. ಪ್ರೊಫೆಸರ್ ಬಿ.ಪಿ. ಅಡಾರಕರರ 1944ರ ವರದಿಯಿಂದ ಮುಂದೆ ಇಎಸ್‌ಐ ಹುಟ್ಟಿತು. ಕಾರ್ಮಿಕ ಸಂಘವನ್ನು ಮಾಲಕ ಕಡ್ಡಾಯವಾಗಿ ಮಾನ್ಯ ಮಾಡಬೇಕೆಂಬ ಮಸೂದೆಯನ್ನೂ ಅವರು ತಂದರು. ಅದು 1947ರಲ್ಲಿ ಕಾಯ್ದೆಯಾಗಿ ಅಂಗೀಕಾರವಾಯಿತು, ಆದರೆ ಜಾರಿಗೇ ಬರಲಿಲ್ಲ!

1946ರ ಏಪ್ರಿಲ್‌ನಲ್ಲಿ ಅವರು ಮಂಡಿಸಿದ ಕನಿಷ್ಠ ಕೂಲಿ ಮಸೂದೆ 1948ರಲ್ಲಿ, ಬಾಬು ಜಗಜೀವನ ರಾಮ್ ಕಾರ್ಮಿಕ ಸಚಿವರಾಗಿದ್ದಾಗ, ಕಾಯ್ದೆಯಾಯಿತು. ಗುಳೇದಗುಡ್ಡದವರು ಇದರ ಮೇಲೆ ಬೆರಳಿಟ್ಟು ಓದಬೇಕು. ಯಾಕೆಂದರೆ 1948ರ ಕಾರ್ಖಾನೆ ಕಾಯ್ದೆ ಕರೆಂಟ್ ಬಳಸುವಲ್ಲಿ 10 ಜನ, ಇಲ್ಲದಲ್ಲಿ 20 ಜನ ಇದ್ದರೆ ಮಾತ್ರ ಅದನ್ನು ಕಾರ್ಖಾನೆ ಎಂದಿತು. 2020ರಲ್ಲಿ ಸಂಸತ್ತು ಒಪ್ಪಿದ ಸಂಹಿತೆ ಆ ಸಂಖ್ಯೆಯನ್ನು 20 ಮತ್ತು 40ಕ್ಕೆ ಏರಿಸಿದೆ. ನಾಲ್ಕು ಪವರ್‌ಲೂಮಿನ ಶೆಡ್ಡು ಹಳೆಯದಕ್ಕೂ ಸಿಗಲಿಲ್ಲ, ಹೊಸದಕ್ಕೂ ಸಿಗುವುದಿಲ್ಲ. 2023ರಲ್ಲಿ ನಮ್ಮ ರಾಜ್ಯ ಕಾರ್ಖಾನೆಗಳಲ್ಲಿ ವಾರಕ್ಕೆ 48 ತಾಸು ಮೀರದಂತೆ ದಿನಕ್ಕೆ 12 ತಾಸಿನವರೆಗೆ ದುಡಿಸಲು ತಿದ್ದುಪಡಿ ತಂದಾಗ ಎಲ್ಲೆಡೆ ಗದ್ದಲವಾಯಿತು. ನಮ್ಮ ಓಣಿಯಲ್ಲಿ ಯಾರೂ ಬೆಚ್ಚಲಿಲ್ಲ. ಹನ್ನೆರಡು ತಾಸು ಇಲ್ಲಿ ಎಂದೋ ಬಂದು ಕೂತಿದೆ.

ಕನಿಷ್ಠ ಕೂಲಿ ಹಾಗಲ್ಲ. ಅದು ಶೆಡ್ಡಿನಲ್ಲಿ ಎಷ್ಟು ಜನ ಎಂದು ಎಣಿಸುವುದಿಲ್ಲ. ಮಾರಿನ ಲೆಕ್ಕದಲ್ಲಿ, ತುಂಡಿನ ಲೆಕ್ಕದಲ್ಲಿ ದುಡಿಯುವವರಿಗೂ ಒಂದು ಖಾತ್ರಿ ಕೂಲಿ ಗೊತ್ತುಮಾಡಲು 1948ರ ಕಾಯ್ದೆಯಲ್ಲೇ ಜಾಗವಿತ್ತು. 2019ರ ವೇತನ ಸಂಹಿತೆ ಕನಿಷ್ಠ ಕೂಲಿಯನ್ನು ಎಲ್ಲ ಉದ್ಯೋಗಗಳಿಗೂ ಚಾಚಿದೆ. ಕಾಗದದ ಮೇಲೆ ಇದು ನಮ್ಮದೇ. ಕೈಗೆ ಬಂದಿದೆಯೇ ಎಂಬುದು ಬೇರೆ ಮಾತು.

ಸಂವಿಧಾನದಲ್ಲಿ 23ನೇ ವಿಧಿ ಜೀತ, ಬಿಟ್ಟಿ ದುಡಿಮೆಯನ್ನು ತಡೆಯಿತು. 42ನೆಯದು ಮಾನವೀಯ ಕೆಲಸದ ಸ್ಥಿತಿ ಮತ್ತು ಹೆರಿಗೆ ನೆರವು, 43ನೆಯದು ಜೀವನ ನಡೆಸಲು ಸಾಕಾಗುವ ಕೂಲಿ. ಇವೆರಡೂ ಕೋರ್ಟಿಗೆ ಹೋಗಿ ಪಡೆಯುವ ಹಕ್ಕುಗಳಾಗದೆ ನಿರ್ದೇಶಕ ತತ್ವಗಳಾಗಿ ಉಳಿದವು.

ಕೊನೆಯ ವರ್ಷಗಳಲ್ಲಿ ಅವರು ಬುದ್ಧ ಮತ್ತು ಆತನ ಧಮ್ಮ ಬರೆಯುತ್ತಿದ್ದರು. ಅದರಲ್ಲಿ ಗೃಹಸ್ಥರ ವಿನಯ ಹೇಳುವಾಗ ಯಜಮಾನ ಮತ್ತು ಕೆಲಸದವನ ಸಂಬಂಧವನ್ನೂ ಇಟ್ಟಿದ್ದಾರೆ. ಮೂಲ ಸಿಗಾಲೋವಾದ ಸುತ್ತದಲ್ಲಿದೆ. ಶಕ್ತಿಗೆ ತಕ್ಕ ಕೆಲಸ ಹಂಚುವುದು, ಊಟ ಮತ್ತು ಕೂಲಿ ಕೊಡುವುದು, ಕಾಯಿಲೆಯಲ್ಲಿ ನೋಡಿಕೊಳ್ಳುವುದು, ಒಳ್ಳೆಯ ತಿನಿಸಿನಲ್ಲಿ ಪಾಲು ಕೊಡುವುದು, ಕಾಲಕಾಲಕ್ಕೆ ರಜೆ ಕೊಡುವುದು. ಎರಡೂವರೆ ಸಾವಿರ ವರ್ಷದ ಹಿಂದಿನ ಈ ಐದನ್ನು 1942ರಿಂದ 46ರವರೆಗಿನ ಕಡತಗಳ ಪಕ್ಕ ಇಟ್ಟು ನೋಡಿರಿ. ಕೆಲಸದ ತಾಸು, ಕನಿಷ್ಠ ಕೂಲಿ, ಕಾಯಿಲೆ ವಿಮೆ, ಪಗಾರಿ ರಜೆ ಎಲ್ಲವೂ ಅಲ್ಲಿವೆ. ತಿನಿಸಿನ ಪಾಲೊಂದು ಕಾನೂನಿಗೆ ಬರಲಿಲ್ಲ, ದೀಪಾವಳಿ ಬೋನಸ್ಸನ್ನು ಹಾಗೆನ್ನಬಹುದೇನೋ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ. ನವೆಂಬರ್ 1ರಂದು ನಮ್ಮ ಬಿಜಾಪುರ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಡಿಸೆಂಬರ್ 6ರಂದು ದೆಹಲಿಯಲ್ಲಿ ಅವರ ಪರಿನಿಬ್ಬಾಣ. ಧಮ್ಮದ ಆ ಪುಸ್ತಕ ಅಚ್ಚಾಗಿ ಬಂದದ್ದು ಮರುವರ್ಷ.

ಭಾನುವಾರದ ಓದಿಗೆ ಸಿಗಾಲೋವಾದ ಸುತ್ತ ತೆಗೆದುಕೊಳ್ಳೋಣ. ಶೆಡ್ಡಿನಲ್ಲಿ ದುಡಿಯುವ ಅಕ್ಕ-ಅಣ್ಣಂದಿರು ಹಿಂದಿನ ತಿಂಗಳ ಕೂಲಿ ಚೀಟಿ ತನ್ನಿರಿ. ಚೀಟಿ ಕೊಡದ ಕಡೆ ದುಡಿಯುವವರು ತಾಸು ಮತ್ತು ಮಾರಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿರಿ. ಕಾರ್ಮಿಕ ಇಲಾಖೆಯ ಕನಿಷ್ಠ ಕೂಲಿ ಪಟ್ಟಿಯನ್ನು ನಾನು ತರುತ್ತೇನೆ.

ನಮೋ ಬುದ್ಧಾಯ. ಜೈ ಭೀಮ್.