ಹುದುಗಿನ ಗುಟ್ಟನ್ನರಿತ ಲೂಯಿ ಪಾಶ್ಚರ್

ಫ್ರಾನ್ಸಿನ ದೋಲ್ ಪಟ್ಟಣದಲ್ಲಿ, ಚರ್ಮ ಹದಮಾಡಿ ಬಾಳುತ್ತಿದ್ದ ಕಥೋಲಿಕ ಕುಟುಂಬವೊಂದರಲ್ಲಿ 1822ರ ಡಿಸೆಂಬರ್ 27ರಂದು ಲೂಯಿ ಪಾಶ್ಚರ್ ಜನಿಸಿದರು. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕೊಟ್ಟ ಮಹನೀಯರೆಂದು ಅವರನ್ನು ನಾವೆಲ್ಲ ಬಲ್ಲೆವು. ಆದರೆ ಸೂಕ್ಷ್ಮಜೀವಿಗಳ ಲೋಕಕ್ಕೆ ಅವರನ್ನು ಕರೆದೊಯ್ದದ್ದು ಹುದುಗುವ ಪೀಪಾಯಿ.

1856ರಲ್ಲಿ ಲೀಲ್ ನಗರದ ಕಾರ್ಖಾನೆಯೊಂದರಲ್ಲಿ ಬೀಟ್‌ರೂಟ್ ರಸ ಮದ್ಯವಾಗದೆ ಹುಳಿತು ಕೆಡುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದ ಪಾಶ್ಚರರಿಗೆ ಒಳ್ಳೆಯ ರಸದಲ್ಲಿ ದುಂಡನೆಯ ಯೀಸ್ಟ್ ಕಣಗಳೂ ಕೆಟ್ಟದ್ದರಲ್ಲಿ ಕಡ್ಡಿಯಂಥ ಜೀವಿಗಳೂ ಕಂಡವು. ಹುದುಗುವಿಕೆ ಜೀವಿಗಳ ಕಾರ್ಯವೆಂದು ಅವರು ಮನಗಂಡರು.

ಆ ದಾರಿ ಸುಗಮವಾಗಿರಲಿಲ್ಲ. 1859, 1865, 1866ರಲ್ಲಿ ಮೂವರು ಹೆಣ್ಣುಮಕ್ಕಳು ಎಳೆವಯಸ್ಸಿನಲ್ಲೇ ಅಗಲಿದರು. 1868ರಲ್ಲಿ ಪಾರ್ಶ್ವವಾಯು ಅವರ ಎಡಭಾಗವನ್ನು ಕಸಿಯಿತು. ಆದರೂ 1871ರಲ್ಲಿ ಅವರು ಬಿಯರಿನ ಅಧ್ಯಯನಕ್ಕೆ ಇಳಿದರು. 1876ರಲ್ಲಿ ಆ ಕುರಿತ ಗ್ರಂಥ ಹೊರಬಂದಿತು.

ಅವರು ತೋರಿಸಿದ ಸತ್ಯ ನಮ್ಮ ಅಡುಗೆಮನೆಗೂ ಸಲ್ಲುತ್ತದೆ. ಹಿರೇಕೆರೂರಿನ ಬೇಸಿಗೆಯಲ್ಲಿ ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆ ಮೀರಿ ಹರಿಯುತ್ತದೆ. ಹುದುಗುವಾಗ ಜೀವಿಗಳು ಬಿಡುವ ಅನಿಲ ಅದನ್ನು ಉಬ್ಬಿಸುತ್ತದೆ. ಬಿಯರಿನಲ್ಲಿ ಈ ಬಲ ಇನ್ನೂ ಹೆಚ್ಚು: ಒಂದು ಕಿಲೋ ಸಕ್ಕರೆ ಪೂರ್ತಿ ಹುದುಗಿದರೆ 250 ಲೀಟರಿಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಮುಚ್ಚಳ ಬಿಗಿದರೆ ಪಾತ್ರೆಯೇ ಸಿಡಿದು ಮನೆಯವರಿಗೆ ಗಾಯವಾದೀತು.

ನಮ್ಮ ರಾಜ್ಯದಲ್ಲಿ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದು ಕಾನೂನಿಗೆ ವಿರುದ್ಧ. ಅದಕ್ಕೆ ಅನುಮತಿಯಿರುವ ನಾಡುಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳು ಕೆಲವು ಎಚ್ಚರಗಳನ್ನು ಪಾಲಿಸಬೇಕು. ಪಾತ್ರೆಯ ಕಾಲುಭಾಗವನ್ನಾದರೂ ನೊರೆಗೆ ಖಾಲಿ ಬಿಡಬೇಕು. ಮುಚ್ಚಳದಿಂದ ದಪ್ಪ ಕೊಳವೆಯೊಂದನ್ನು ಹೊರತಂದು ಅದರ ತುದಿಯನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಬೇಕು. ಅನಿಲ ಹೊರಹೋಗುತ್ತದೆ, ಗಾಳಿಯ ಕ್ರಿಮಿ ಒಳಬಾರದು. ಪಾಶ್ಚರರ ಹಂಸಕಂಠದ ಗಾಜಿನ ಪಾತ್ರೆಯಲ್ಲೂ ಬಾಗಿದ ಕೊಳವೆಯೇ ಕ್ರಿಮಿಯನ್ನು ತಡೆದಿತ್ತು. ಹುದುಗುವಾಗ ರಸ ತಾನೇ ಬಿಸಿಯೇರುವುದರಿಂದ ಪಾತ್ರೆಗೆ ಒದ್ದೆ ಬಟ್ಟೆ ಸುತ್ತಿ ತಂಪಾದ ಕೋಣೆಯಲ್ಲಿಡಬೇಕು. ಸಾಮಾನ್ಯ ಏಲ್ ಯೀಸ್ಟಿಗೆ 18ರಿಂದ 20 ಡಿಗ್ರಿ ಸೆಲ್ಸಿಯಸ್ ಹಿತ. ಹುದುಗು ಪೂರ್ತಿ ನಿಲ್ಲುವ ಮುನ್ನ ಬಾಟಲಿಗೆ ತುಂಬಲೇಬಾರದು.

1885ರ ಜುಲೈ 6ರಂದು ನಾಯಿ ಕಚ್ಚಿದ್ದ ಬಾಲಕ ಜೋಸೆಫ್ ಮೈಸ್ಟರನಿಗೆ ಪಾಶ್ಚರರ ಲಸಿಕೆ ದೊರೆತು ಆತ ಬದುಕಿದನು. ಪೀಪಾಯಿಯ ಕಣಗಳನ್ನು ತಾಳ್ಮೆಯಿಂದ ಗಮನಿಸಿದ ಕಣ್ಣೇ ಆ ರೋಗವನ್ನೂ ಎದುರಿಸಿತು. 1895ರ ಸೆಪ್ಟೆಂಬರ್ 28ರಂದು ಅವರು ಕಣ್ಮುಚ್ಚಿದಾಗ, ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯದಲ್ಲಿ ಅಂತ್ಯವಿಧಿ ನೆರವೇರಿತು. ಕಣ್ಣಿಗೆ ಕಾಣದ ಜೀವಿಗಳಿಗೂ ತಮ್ಮದೇ ಬಲವುಂಟು. ಅದನ್ನು ಅರಿತು ದಾರಿ ಮಾಡಿಕೊಟ್ಟರೆ ಅವು ನಮಗೆ ನೆರವಾಗುತ್ತವೆಂಬುದನ್ನು ಆ ಬಾಳಿನಿಂದ ನಾವು ಕಲಿಯೋಣ.