ಅರಳಗುಂಡಗಿಯ ರೈತ, ಕಲಬುರಗಿಯ ಅಪ್ಪ

ಮಕ್ಕಳೇ, ನಿಮ್ಮ ಬಂಧುಬಳಗದಲ್ಲಿ ಶರಣಪ್ಪ, ಶರಣಬಸಪ್ಪ, ಶರಣಮ್ಮ ಎಂಬ ಹೆಸರಿನವರು ಯಾರಾದರೂ ಇದ್ದಾರೆಯೇ? ನಿಮ್ಮ ಮೂಲ ಕಲಬುರಗಿ, ಯಾದಗಿರಿ ಕಡೆಯದಾದರೆ ಇದ್ದೇ ಇರುತ್ತಾರೆ. ನಮ್ಮೂರು ಇಜೇರಿಯಲ್ಲಂತೂ ಓಣಿಗೊಬ್ಬ ಶರಣಪ್ಪ ಸಿಗುತ್ತಾನೆ. ಇಷ್ಟು ಮನೆಗಳಿಗೆ ಹೆಸರು ಕೊಟ್ಟ ಸಂತ ಶರಣಬಸವೇಶ್ವರರು ನಮ್ಮ ಸೀಮೆಯವರೇ. ಇಜೇರಿ, ಅವರ ಊರು ಅರಳಗುಂಡಗಿ ಎರಡೂ ಹಳೆಯ ಜೇವರ್ಗಿ ತಾಲ್ಲೂಕಿನ ಊರುಗಳು.

ಅವರು ಹುಟ್ಟಿದ್ದು 1746ರಲ್ಲಿ. ತಂದೆ ಮಲಕಪ್ಪ, ತಾಯಿ ಸಂಗಮ್ಮ. ಆಗ ನಮ್ಮ ಭಾಗ ಹೈದರಾಬಾದಿನ ನಿಜಾಮರ ಆಡಳಿತದಲ್ಲಿತ್ತು. ಶರಣಬಸಪ್ಪ ಮನೆ ಬಿಟ್ಟು ಕಾಡಿಗೆ ಹೋದವರಲ್ಲ, ಕಾವಿ ತೊಟ್ಟವರೂ ಅಲ್ಲ. ಮಹಾದೇವಿಯವರನ್ನು ಮದುವೆಯಾದರು, ಅಣ್ಣತಮ್ಮಂದಿರ ಜೊತೆ ಹೊಲ ಉತ್ತರು, ಬಿತ್ತಿದರು, ರಾಶಿ ಮಾಡಿದರು. ಅವರಿಗಿಂತ ಆರುನೂರು ವರ್ಷ ಹಿಂದೆ ಬಸವಣ್ಣನವರು ಕಲ್ಯಾಣದಲ್ಲಿ ಹೇಳಿದ್ದು ಕೂಡ ಇದನ್ನೇ: ದುಡಿದು ಉಣ್ಣು, ದುಡಿದದ್ದನ್ನು ಹಂಚಿಕೊಂಡು ಉಣ್ಣು. ಮೊದಲನೆಯದು ಕಾಯಕ, ಎರಡನೆಯದು ದಾಸೋಹ.

ಶರಣರ ಪವಾಡಗಳ ಕಥೆ ಬೇಕಾದಷ್ಟಿವೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಕ್ಕಿಗಳ ಕಥೆ. ಅದು ನಿಮಗೆ ಸರಿಯಾಗಿ ಅರ್ಥವಾಗಬೇಕಾದರೆ ನಮ್ಮ ಬಿಳಿಜೋಳದ ಹೊಲ ಕಣ್ಣಮುಂದೆ ಬರಬೇಕು. ನಮ್ಮದು ಎರೆ ಭೂಮಿ, ಕಪ್ಪು ಮಣ್ಣು. ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತಿದ ಜೋಳ ಚಳಿಯಲ್ಲಿ ಬೆಳೆದು ಆಳೆತ್ತರ ನಿಲ್ಲುತ್ತದೆ. ತೆನೆ ಹಾಲುಗಾಳಾಗಿದ್ದಾಗ ಅದನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಬಿಸಿಬಿಸಿ ಸೀತನಿ ತಿನ್ನುತ್ತೇವೆ. ಜೊತೆಗೆ ಬೆಲ್ಲ, ಶೇಂಗಾ ಹಿಂಡಿ. ಆ ಎಳೆಗಾಳಿನ ರುಚಿ ನಮಗಿಂತ ಮೊದಲು ಗುಬ್ಬಿ, ಗಿಳಿಗಳಿಗೆ ಗೊತ್ತಾಗುತ್ತದೆ. ಹಿಂಡು ಹಿಂಡಾಗಿ ಇಳಿದು ತೆನೆ ಬರಿದು ಮಾಡುತ್ತವೆ. ಅದಕ್ಕೇ ರೈತರು ಹೊಲದ ನಡುವೆ ಎತ್ತರದ ಅಟ್ಟ ಕಟ್ಟಿ, ಅದರ ಮೇಲೆ ನಿಂತು ಕವಣೆ ಬೀಸುತ್ತಾರೆ, ಹೋ ಎಂದು ಕೂಗುತ್ತಾರೆ.

ಮನೆಯವರು ಶರಣಬಸಪ್ಪನನ್ನೂ ಹೀಗೆ ಹೊಲ ಕಾಯಲು ಕಳಿಸಿದರು. ಅವರು ಅಟ್ಟ ಏರಿದರು, ಕವಣೆ ಮಾತ್ರ ಮುಟ್ಟಲಿಲ್ಲ. ಹಕ್ಕಿಗಳಿಗೆ ಕುಡಿಯಲು ನೀರಿಟ್ಟರು. "ತಿನ್ರಿ, ಹೊಟ್ಟೆತುಂಬ ತಿನ್ರಿ, ನೀರು ಕುಡ್ದು ಹೋಗ್ರಿ" ಅಂದರಂತೆ. ನಮ್ಮ ಕಡೆ ಅಜ್ಜಿಯರು ಕಥೆ ಹೇಳುವುದು ಹೀಗೆ. ನೋಡಿದವರು ಓಡಿಬಂದು ಮನೆಗೆ ದೂರು ಹೇಳಿದರು. ಕೊನೆಗೆ ರಾಶಿ ಮಾಡಿದಾಗ ಎಲ್ಲರ ಹೊಲಕ್ಕಿಂತ ಆ ಹೊಲದಲ್ಲೇ ಕಾಳು ಹೆಚ್ಚು ಬಂತಂತೆ. ಕಾಳು ಹೆಚ್ಚಿದ್ದನ್ನು ನೀವು ನಂಬಿ, ಬಿಡಿ. ಬೆಳೆದ ರೈತ ತನ್ನ ಪಾಲಿಗಿಂತ ಮೊದಲು ಹಕ್ಕಿಯ ಪಾಲು ತೆಗೆದಿಟ್ಟನಲ್ಲ, ಅದನ್ನು ಮರೆಯಬೇಡಿ.

ಹೊಲದಲ್ಲಿ ನಡೆದದ್ದೇ ಮನೆಯಲ್ಲೂ ನಡೆಯಿತು. ಹಸಿದು ಬಂದವರು ಯಾರೇ ಆಗಲಿ, ಉಂಡೇ ಹೋಗಬೇಕು. ಇಲ್ಲಿ ಒಂದು ಮಾತು ಹೇಳಲೇಬೇಕು. ಕಥೆ ಹೇಳುವವರು ಮಹಾದೇವಿಯವರ ಹೆಸರನ್ನು ಒಂದು ಸಲ ಹೇಳಿ ಮುಂದೆ ಹೋಗಿಬಿಡುತ್ತಾರೆ. ಅದು ನ್ಯಾಯವಲ್ಲ. ಗಿರಣಿ ಇಲ್ಲದ ಕಾಲವದು. ಜೋಳವನ್ನು ಬೀಸುವ ಕಲ್ಲಿನಲ್ಲಿ ಬೀಸಬೇಕು, ಬಿಸಿನೀರಿನಲ್ಲಿ ನಾದಬೇಕು, ಒಂದೊಂದೇ ರೊಟ್ಟಿ ಬಡಿಯಬೇಕು, ಒಲೆಯ ಮುಂದೆ ಕೂತು ಬೇಯಿಸಬೇಕು. ದಿನವೂ ಪಂಕ್ತಿ ಪಂಕ್ತಿ ಜನ ಉಂಡ ಮನೆಯಲ್ಲಿ ಹೆಣ್ಣುಮಕ್ಕಳ ಕೈ ಎಷ್ಟು ದುಡಿದಿರಬೇಕು, ಯೋಚಿಸಿ. ದಾಸೋಹ ಇಡೀ ಮನೆಯ ಕೆಲಸವಾಗಿತ್ತು.

ಮುಂದೆ ಶರಣರು ಅರಳಗುಂಡಗಿ ಬಿಟ್ಟರು. ಭೀಮಾ ನದಿಯ ಆಚೆ ಕಲಬುರಗಿಗೆ ಬಂದು ನೆಲೆಸಿದರು. ಊರು ಬದಲಾಯಿತು, ಒಲೆ ಆರಲಿಲ್ಲ. 1822ರಲ್ಲಿ ಅಲ್ಲೇ ಲಿಂಗೈಕ್ಯರಾದರು. ಅವರ ಸಮಾಧಿಯ ಮೇಲೆ ಇಂದಿನ ಗುಡಿ ನಿಂತಿದೆ. ಗರ್ಭಗುಡಿಯಲ್ಲಿ ಎರಡು ಮುಖಗಳು ಅಕ್ಕಪಕ್ಕ ಇವೆ: ಒಂದು ಶರಣರದು, ಇನ್ನೊಂದು ಗುರು ಮರುಳಾರಾಧ್ಯರದು. ಜನ ಅದನ್ನು ಜೋಡುಮುಖ ಎನ್ನುತ್ತಾರೆ. ಜನರ ಬಾಯಲ್ಲಿ ಶರಣರು ಅಪ್ಪ; ಗುಡಿಯ ಪಕ್ಕದ ಕೆರೆಗೂ ಅಪ್ಪನ ಕೆರೆ ಎಂದೇ ಹೆಸರು.

ಗುಡಿಯ ಜೊತೆಗೆ ಶರಣರ ಹೆಸರಿನ ಪೀಠವೂ ಇದೆ. ಅದರ ಒಂದು ವಿಶೇಷ ನಿಮಗೆ ತಿಳಿದಿರಲಿ. ಇಲ್ಲಿ ಪೀಠಾಧಿಪತಿಗಳು ಸಂಸಾರಸ್ಥರಾಗಿಯೇ ಇರುವುದು ರೂಢಿ. ಅವರನ್ನೂ ಜನ ಅಪ್ಪಾ ಎಂದೇ ಕರೆಯುತ್ತಾರೆ. ಅಂಥ ಪೀಠಾಧಿಪತಿಗಳಲ್ಲೊಬ್ಬರಾದ ದೊಡ್ಡಪ್ಪ ಅಪ್ಪಾ ಅವರು 1934ರಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾದೇವಿ ಹೆಸರಿನ ಶಾಲೆ ತೆರೆದರು. ಕಚೇರಿಯಲ್ಲೂ ಶಾಲೆಯಲ್ಲೂ ಉರ್ದು ನಡೆಯುತ್ತಿದ್ದ ಆ ನಿಜಾಮರ ದಿನಗಳಲ್ಲಿ ಇದು ಸಣ್ಣ ಧೈರ್ಯವಲ್ಲ. ಎಂಟನೆಯ ಪೀಠಾಧಿಪತಿ ಶರಣಬಸವಪ್ಪ ಅಪ್ಪಾ ಅವರ ಕಾಲದಲ್ಲಿ ಶಾಲೆ, ಕಾಲೇಜುಗಳು ಬೆಳೆದು 2017ರಲ್ಲಿ ವಿಶ್ವವಿದ್ಯಾಲಯವೇ ಆಯಿತು. ಅವರು 2025ರ ಆಗಸ್ಟ್ 14ರಂದು ತೀರಿಕೊಂಡಾಗ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಹಿರಿಯರನ್ನು ಕಳೆದುಕೊಂಡ ದುಃಖವಿತ್ತು.

ಹೋಳಿ ಹುಣ್ಣಿಮೆಯಾದ ಐದನೇ ದಿನ ಅಪ್ಪನ ತೇರು. ಅಷ್ಟರಲ್ಲಿ ಹೊಲದ ಜೋಳ ಮನೆ ಸೇರಿರುತ್ತದೆ, ಜನರ ಮನಸ್ಸು ಹಗುರಾಗಿರುತ್ತದೆ. ತೇರಿನ ಮೇಲೆ ಪೀಠಾಧಿಪತಿಗಳು, ಭಕ್ತರು ಪವಿತ್ರವೆಂದು ನಂಬುವ ಪರುಷ ಬಟ್ಟಲನ್ನು ಎತ್ತಿ ತೋರಿಸುತ್ತಾರೆ. ಅದನ್ನು ಕಂಡೊಡನೆ ಜಯಕಾರ ಏಳುತ್ತದೆ, ಉತ್ತತ್ತಿ, ಬಾಳೆಹಣ್ಣು ತೇರಿನತ್ತ ತೂರಿಬರುತ್ತವೆ. ಬಿಸಿಲು ಜೋರಿರುತ್ತದೆ, ಟೋಪಿ ಮರೆಯಬೇಡಿ.

ರಜೆಯಲ್ಲಿ ಊರಿಗೆ ಹೋದಾಗ ಅಪ್ಪ ಅಮ್ಮನಿಗೆ ಹೇಳಿ, ಕಲಬುರಗಿಗೆ ಕರೆದುಕೊಂಡು ಹೋಗಲಿ. ಜಾತ್ರೆಯ ದಿನವೇ ಆಗಬೇಕೆಂದಿಲ್ಲ. ಊಟದ ಹೊತ್ತಿಗೆ ಹೋಗಿ, ದಾಸೋಹದ ಪಂಕ್ತಿಯಲ್ಲಿ ಎಲ್ಲರ ಜೊತೆ ನೆಲದ ಮೇಲೆ ಕೂತು ಉಣ್ಣಿ. ಉಂಡ ಮೇಲೆ ಬಡಿಸುವವರ ಜೊತೆ ಸೇರಿ ಒಂದು ಸಾಲಿಗಾದರೂ ನೀರು ಹಾಕಿ ಬನ್ನಿ.